ಯುದ್ಧೋತ್ತರ ಪಶ್ಚಿಮ ಜರ್ಮನಿಯ ಜನಾಭಿಪ್ರಾಯ

ಯುದ್ಧೋತ್ತರ ಪಶ್ಚಿಮ ಜರ್ಮನಿಯ ಜನಾಭಿಪ್ರಾಯ ಎಂಬುದು ಎರಡನೆಯ ಮಹಾಯುದ್ಧದ ಅನಂತರ ಅಲ್ಲಿನ ಜನರು ದೇಶದ ಸ್ಥಿರತೆ ಹಾಗೂ ಪ್ರಜಾಪ್ರಭುತ್ವದ ಭವಿಷ್ಯದ ಬಗ್ಗೆ ಹೊಂದಿದ್ದ ನಿಲುವುಗಳನ್ನು ಸೂಚಿಸುತ್ತದೆ. 1945ರಿಂದಲೇ ನಡೆದ ಸಮೀಕ್ಷೆಗಳಿಂದಾಗಿ ಈ ನಿಲುವುಗಳು ದಾಖಲಾಗಿವೆ. ಪ್ರಜಾಪ್ರಭುತ್ವದ ಸಂಸ್ಥೆಗಳು ಮೊದಲು ಸ್ಥಾಪನೆಯಾಗಿ, ಅವುಗಳ ಮೇಲಿನ ಜನರ ವಿಶ್ವಾಸವು ಬಹಳ ನಿಧಾನವಾಗಿ ಬೆಳೆದುದಕ್ಕೆ ಇದು ಪ್ರಮುಖ ನಿದರ್ಶನವಾಗಿದೆ.

ಹಿನ್ನೆಲೆ

1945ರ ಮೇ ತಿಂಗಳಲ್ಲಿ ಶರಣಾದ ಜರ್ಮನಿಯನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟಗಳು ನಾಲ್ಕು ವಲಯಗಳಾಗಿ ವಿಭಜಿಸಿಕೊಂಡವು. ನಗರಗಳು ನೆಲಸಮವಾಗಿದ್ದವು, ಆಹಾರ ಪಡಿತರವು ಅತ್ಯಲ್ಪವಾಗಿತ್ತು, ಪೂರ್ವ ಪ್ರದೇಶಗಳಿಂದ ಲಕ್ಷಾಂತರ ನಿರಾಶ್ರಿತರು ಬಂದು ಸೇರಿದ್ದರು. 1919ರಲ್ಲಿ ಸ್ಥಾಪಿತವಾದ ವೈಮರ್ ಗಣರಾಜ್ಯವು 1933ರಲ್ಲಿ ಕುಸಿದುದರಿಂದ, ಪ್ರಜಾಪ್ರಭುತ್ವವೆಂದರೆ ಅಸ್ಥಿರತೆ ಎಂಬ ನೆನಪು ಅನೇಕರಲ್ಲಿ ಉಳಿದಿತ್ತು.

ಆಕ್ರಮಿತ ಕಾಲದ ಸಮೀಕ್ಷೆಗಳು

ಅಮೆರಿಕದ ಸೇನಾ ಆಡಳಿತವು ತನ್ನ ವಲಯದಲ್ಲಿ ನಿಯತವಾಗಿ ಸಮೀಕ್ಷೆಗಳನ್ನು ನಡೆಸಿತು. 1945ರ ನವೆಂಬರ್‌ನಿಂದ 1946ರ ಡಿಸೆಂಬರ್‌ವರೆಗಿನ ಸಮೀಕ್ಷೆಗಳಲ್ಲಿ ಸರಾಸರಿ ಶೇ. 47ರಷ್ಟು ಜನರು ನಾಜಿವಾದವನ್ನು 'ಕೆಟ್ಟದಾಗಿ ಜಾರಿಗೊಳಿಸಲಾದ ಒಳ್ಳೆಯ ವಿಚಾರ' ಎಂದು ಪರಿಗಣಿಸಿದ್ದರು. 1947ರ ಆಗಸ್ಟ್ ವೇಳೆಗೆ ಈ ಪ್ರಮಾಣವು ಶೇ. 55ಕ್ಕೆ ಏರಿತು. ಆರ್ಥಿಕ ಭದ್ರತೆ ಮತ್ತು ಸ್ವಾತಂತ್ರ್ಯಗಳಲ್ಲಿ ಒಂದನ್ನು ಆರಿಸುವಂತೆ ಕೇಳಿದಾಗ ಬಹುಸಂಖ್ಯಾತರು ಭದ್ರತೆಯನ್ನೇ ಆರಿಸಿದರು.

ಗಣರಾಜ್ಯದ ಮೊದಲ ದಶಕ

1948ರ ಜೂನ್‌ನಲ್ಲಿ ಹೊಸ ನಾಣ್ಯವಾದ ಡಾಯ್ಚ ಮಾರ್ಕ್ ಚಲಾವಣೆಗೆ ಬಂದಿತು. 1949ರ ಮೇ ತಿಂಗಳಲ್ಲಿ 'ಮೂಲ ಕಾನೂನು' ಎಂಬ ಸಂವಿಧಾನವು ಘೋಷಿತವಾಯಿತು. ಪರ್ಯಾಯ ಚಾನ್ಸಲರ್‌ನನ್ನು ಆರಿಸದೆ ಅಧಿಕಾರದಲ್ಲಿರುವ ಚಾನ್ಸಲರ್‌ನನ್ನು ಸಂಸತ್ತು ಪದಚ್ಯುತಗೊಳಿಸುವಂತಿಲ್ಲ ಎಂಬ ನಿಯಮವು ವೈಮರ್ ಕಾಲದ ಅನುಭವದಿಂದ ರೂಪುಗೊಂಡಿತು. ಅದೇ ವರ್ಷದ ಆಗಸ್ಟ್ 14ರ ಚುನಾವಣೆಯಲ್ಲಿ ಶೇ. 78.5ರಷ್ಟು ಮತದಾನವಾಯಿತು.

ಆದರೆ ಮತದಾನವು ವಿಶ್ವಾಸದ ದ್ಯೋತಕವಾಗಿರಲಿಲ್ಲ. 1947ರಲ್ಲಿ ಸ್ಥಾಪನೆಯಾದ ಅಲೆನ್ಸ್‌ಬಾಖ್ ಸಂಸ್ಥೆಯು 1951ರಲ್ಲಿ, ಆ ಶತಮಾನದಲ್ಲಿ ಜರ್ಮನಿಯು ಅತ್ಯಂತ ಚೆನ್ನಾಗಿದ್ದ ಕಾಲ ಯಾವುದೆಂದು ಜನರನ್ನು ಕೇಳಿತು. ಶೇ. 45ರಷ್ಟು ಜನ 1914ಕ್ಕೆ ಮುಂಚಿನ ಚಕ್ರಾಧಿಪತ್ಯವನ್ನೂ, ಶೇ. 42ರಷ್ಟು ಜನ ಯುದ್ಧಪೂರ್ವದ ನಾಜಿ ಆಳ್ವಿಕೆಯನ್ನೂ ಹೆಸರಿಸಿದರು. ವೈಮರ್ ಕಾಲಕ್ಕೆ ಶೇ. 7, ವರ್ತಮಾನಕ್ಕೆ ಕೇವಲ ಶೇ. 2ರಷ್ಟು ಒಲವು ವ್ಯಕ್ತವಾಯಿತು. 1963ರಲ್ಲಿ ಇದೇ ಪ್ರಶ್ನೆಗೆ ಶೇ. 60ಕ್ಕೂ ಹೆಚ್ಚು ಜನ ವರ್ತಮಾನವನ್ನೇ ಸೂಚಿಸಿದರು.

ಐದು ರಾಷ್ಟ್ರಗಳ ಅಧ್ಯಯನ

ಗೇಬ್ರಿಯಲ್ ಆಲ್ಮಂಡ್ ಮತ್ತು ಸಿಡ್ನಿ ವರ್ಬಾ ಅವರ 'ದಿ ಸಿವಿಕ್ ಕಲ್ಚರ್' (1963) ಗ್ರಂಥದ ಪ್ರಕಾರ, ತಮ್ಮ ದೇಶದ ರಾಜಕೀಯ ಸಂಸ್ಥೆಗಳ ಬಗ್ಗೆ ಹೆಮ್ಮೆಪಟ್ಟವರು ಅಮೆರಿಕದಲ್ಲಿ ಶೇ. 85, ಬ್ರಿಟನ್‌ನಲ್ಲಿ ಶೇ. 46, ಪಶ್ಚಿಮ ಜರ್ಮನಿಯಲ್ಲಿ ಶೇ. 7 ಮಾತ್ರ. 1978ರಲ್ಲಿ ಈ ಪ್ರಮಾಣವು ಪಶ್ಚಿಮ ಜರ್ಮನಿಯಲ್ಲಿ ಶೇ. 31ಕ್ಕೆ ಏರಿತ್ತು.

ವಿಶ್ಲೇಷಣೆ

ಈ ಬದಲಾವಣೆಗೆ ಆರ್ಥಿಕ ಚೇತರಿಕೆಯೊಂದೇ ಕಾರಣವಲ್ಲ. ಸರ್ಕಾರಗಳ ಸ್ಥಿರತೆ, ಸಾಂವಿಧಾನಿಕ ನ್ಯಾಯಾಲಯದ ರಕ್ಷಣೆ ಮತ್ತು ಹೊಸ ಪೀಳಿಗೆಯ ಆಗಮನವೂ ಅದಕ್ಕೆ ಕಾರಣವಾದವು. ನವನಾಜಿ ಸ್ವರೂಪದ ಸಮಾಜವಾದಿ ರೈಖ್ ಪಕ್ಷವನ್ನು ಈ ನ್ಯಾಯಾಲಯವು 1952ರಲ್ಲಿ ನಿಷೇಧಿಸಿತು. ಆದರೆ ಸ್ಥಿರತೆಯು ಆತ್ಮವಿಮರ್ಶೆಗಿಂತ ಮೊದಲೇ ಬಂದಿತೆಂಬ ಟೀಕೆಯೂ ಇದೆ: ನಾಜಿ ಅಪರಾಧಗಳ ವ್ಯಾಪಕ ಸಾರ್ವಜನಿಕ ಚರ್ಚೆಗೆ 1963–65ರ ಫ್ರಾಂಕ್‌ಫರ್ಟ್ ಆಶ್‌ವಿಟ್ಜ್ ವಿಚಾರಣೆಯವರೆಗೂ, ಅನಂತರದ ವಿದ್ಯಾರ್ಥಿ ಚಳವಳಿಯವರೆಗೂ ಕಾಯಬೇಕಾಯಿತು.