ಮೀಡಿಯಂ: ನಡುವೆ ನಿಂತ ಒಂದು ಪದದ ಚರಿತ್ರೆ

ಜೂನ್ ತಿಂಗಳು ಬಂತೆಂದರೆ ಗಡಿನಾಡಿನ ಕನ್ನಡ ಮನೆಗಳಲ್ಲಿ ಒಂದು ಇಂಗ್ಲಿಷ್ ಪದ ತಪ್ಪದೆ ಕೇಳಿಬರುತ್ತದೆ. ‘ಮಗುವನ್ನು ಯಾವ ಮೀಡಿಯಂಗೆ ಸೇರಿಸಿದಿರಿ?’ ಎಂಬ ಪ್ರಶ್ನೆ ಕಾಸರಗೋಡಿನಲ್ಲೂ ತಾಳವಾಡಿಯಲ್ಲೂ ಅಕ್ಕಲಕೋಟೆಯಲ್ಲೂ ಮಡಕಶಿರಾದಲ್ಲೂ ಒಂದೇ. ಅದಕ್ಕೆ ದೊರೆಯುವ ಉತ್ತರದಿಂದ ಮಗುವಿನ ಕೈಗೆ ಬರುವ ಪುಸ್ತಕ, ಎದುರು ನಿಲ್ಲುವ ಶಿಕ್ಷಕ, ಮುಂದೆ ಬರೆಯಬೇಕಾದ ಪರೀಕ್ಷೆ ಎಲ್ಲವೂ ನಿಶ್ಚಯವಾಗುತ್ತವೆ. ಅಕ್ಷರ ಬಾರದ ಅಜ್ಜಿಯೂ ಈ ಪದವನ್ನು ಬಲ್ಲಳು. ಇಷ್ಟು ಭಾರ ಹೊತ್ತಿರುವ ಪದ ಎಲ್ಲಿಂದ ಬಂದಿತು, ಯಾವ ಯಾವ ಅರ್ಥಗಳನ್ನು ಧರಿಸಿತು, ನಮ್ಮ ಬಾಳಿನಲ್ಲಿ ಹೇಗೆ ಹಕ್ಕಿನ ಮಾತಾಯಿತು ಎಂಬುದು ವಿಚಾರಕ್ಕೆ ಯೋಗ್ಯವಾದ ಸಂಗತಿ.

‘ಮೀಡಿಯಂ’ ಮೂಲತಃ ಲ್ಯಾಟಿನ್ ಶಬ್ದ. ‘ನಡು’, ‘ನಡುವೆ ಇರುವುದು’ ಎಂಬುದೇ ಅದರ ಮೊದಲ ಅರ್ಥ. ಭಾಷಾವಿಜ್ಞಾನಿಗಳ ಪ್ರಕಾರ ಲ್ಯಾಟಿನ್ನಿನ ‘ಮೀಡಿಯಸ್’, ಗ್ರೀಕಿನ ‘ಮೆಸೊಸ್’, ಇಂಗ್ಲಿಷಿನ ‘ಮಿಡ್’, ಸಂಸ್ಕೃತದ ‘ಮಧ್ಯ’ ಇವೆಲ್ಲ ಒಂದೇ ಬೇರಿನ ಚಿಗುರುಗಳು. ಆದುದರಿಂದ ನಾವು ‘ಮೀಡಿಯಂ’ಗೆ ಬದಲಾಗಿ ‘ಮಾಧ್ಯಮ’ ಎಂದು ಬರೆಯುವಾಗ ಪರಕೀಯ ಶಬ್ದವೊಂದನ್ನು ಅನುವಾದಿಸುತ್ತಿರುವುದಷ್ಟೇ ಅಲ್ಲ, ಅದರ ದೂರದ ದಾಯಾದಿಯನ್ನೇ ಕರೆಯುತ್ತಿರುತ್ತೇವೆ. ಸಪ್ತಸ್ವರಗಳ ನಡುವಿನ ಸ್ವರ ‘ಮಧ್ಯಮ’. ಮನಸ್ಸಿನಲ್ಲಿ ರೂಪುಗೊಂಡು ಇನ್ನೂ ಉಚ್ಚಾರವಾಗದ ವಾಕ್ಕಿನ ಅವಸ್ಥೆಗೆ ನಮ್ಮ ವೈಯಾಕರಣರು ಕೊಟ್ಟ ಹೆಸರು ‘ಮಧ್ಯಮಾ’. ನಡುವಿನದಕ್ಕೆ ನಮ್ಮ ಪರಂಪರೆಯಲ್ಲಿಯೂ ಗೌರವದ ಸ್ಥಾನವಿತ್ತು.

ಇಂಗ್ಲಿಷಿಗೆ ಈ ಪದ ಬಂದುದು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ. ಮೊದಲು ಎರಡು ತುದಿಗಳ ನಡುವಿನ ಸ್ಥಿತಿಗೆ, ಅನಂತರ ಒಂದು ವಸ್ತುವಿನ ಪರಿಣಾಮವನ್ನು ಇನ್ನೊಂದಕ್ಕೆ ಮುಟ್ಟಿಸುವ ಪದಾರ್ಥಕ್ಕೆ ಅದು ಹೆಸರಾಯಿತು. ಶಬ್ದಕ್ಕೆ ಗಾಳಿ ಮೀಡಿಯಂ, ಮೀನಿಗೆ ನೀರು ಮೀಡಿಯಂ. ಚಿತ್ರಕಾರನಿಗೆ ಬಣ್ಣದ ಪುಡಿಯನ್ನು ಕಲಸುವ ಎಣ್ಣೆ ಮೀಡಿಯಂ. 1848ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಫಾಕ್ಸ್ ಸಹೋದರಿಯರು ತಾವು ಪ್ರೇತಾತ್ಮಗಳ ಸದ್ದು ಕೇಳುತ್ತೇವೆಂದು ಸಾರಿದ ಮೇಲೆ, ಸತ್ತವರಿಗೂ ಬದುಕಿರುವವರಿಗೂ ನಡುವೆ ಕುಳಿತು ಮಾತು ಮುಟ್ಟಿಸುವವರೂ ‘ಮೀಡಿಯಂ’ ಎನಿಸಿಕೊಂಡರು. ಅದೇ ಶತಮಾನದ ಕೊನೆಗೆ ಸೂಕ್ಷ್ಮಜೀವಿಗಳನ್ನು ಬೆಳೆಸುವ ಪೋಷಕದ್ರವ್ಯಕ್ಕೂ ವಿಜ್ಞಾನಿಗಳು ಇದೇ ಹೆಸರನ್ನಿಟ್ಟರು. ಈ ಅರ್ಥಗಳನ್ನೆಲ್ಲ ಪೋಣಿಸುವ ದಾರ ಒಂದೇ: ಮೀಡಿಯಂ ಎಂಬುದು ತಾನೇ ಗುರಿಯಲ್ಲ, ಆದರೆ ಅದಿಲ್ಲದೆ ಗುರಿಯೂ ಇಲ್ಲ. ಚೆನ್ನಾಗಿ ಕೆಲಸ ಮಾಡುವ ತನಕ ಅದು ಕಣ್ಣಿಗೆ ಬೀಳುವುದಿಲ್ಲ. ಕೆಟ್ಟಾಗ ಮಾತ್ರ ಅದರ ಇರವು ತಿಳಿಯುತ್ತದೆ.

ಕನ್ನಡದ ದಿನಬಳಕೆಯಲ್ಲಿ ಈ ಪದ ಬೇರೆ ಬೇರೆ ದಾರಿಗಳಿಂದ ಒಳಬಂದಿದೆ. ಬಟ್ಟೆಯಂಗಡಿಯಲ್ಲಿ ಅದು ಅಂಗಿಯ ಅಳತೆ, ಖಾನಾವಳಿಯಲ್ಲಿ ಖಾರದ ಪ್ರಮಾಣ, ಕ್ರಿಕೆಟ್ ಮೈದಾನದಲ್ಲಿ ಚೆಂಡಿನ ವೇಗ. ಇದರ ಬಹುವಚನವಾದ ‘ಮೀಡಿಯಾ’ ಇಪ್ಪತ್ತನೆಯ ಶತಮಾನದಲ್ಲಿ ಪತ್ರಿಕೆ, ರೇಡಿಯೊ ಮುಂತಾದವುಗಳ ಒಟ್ಟು ಹೆಸರಾಗಿ ಬೆಳೆದು, ಈಗ ಏಕವಚನದಂತೆಯೇ ಪ್ರಯೋಗವಾಗುತ್ತಿದೆ. ಇಂಗ್ಲಿಷ್ ಎರಡು ರೂಪಗಳಲ್ಲಿ ಹಂಚಿಕೊಂಡ ಅರ್ಥಗಳನ್ನು ಕನ್ನಡದ ‘ಮಾಧ್ಯಮ’ ಒಂದೇ ರೂಪದಲ್ಲಿ ಹೊತ್ತಿದೆ: ಶಿಕ್ಷಣ ಮಾಧ್ಯಮವೂ ಅದೇ, ಸುದ್ದಿ ಮಾಧ್ಯಮವೂ ಅದೇ. ಕಾಸರಗೋಡು ಆಗ ಸೇರಿದ್ದ ಕೆನರಾ ಜಿಲ್ಲೆಯಲ್ಲಿಯೇ, 1843ರಲ್ಲಿ, ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡದ ಸುದ್ದಿ ಮಾಧ್ಯಮಕ್ಕೆ ನಾಂದಿ ಹಾಡಿದರೆಂಬುದು ಸ್ಮರಣೀಯ. ರೇಡಿಯೊ ಬಂದಾಗ ‘ಮೀಡಿಯಂ ವೇವ್’ ಎಂಬ ಮಾತು ಹಳ್ಳಿ ಹಳ್ಳಿಗೆ ತಲುಪಿತು. ದೀರ್ಘ ಮತ್ತು ಹ್ರಸ್ವ ತರಂಗಗಳ ನಡುವಿನದಾದ್ದರಿಂದ ಅದಕ್ಕೆ ಆ ಹೆಸರು. ರಾತ್ರಿಯ ಹೊತ್ತು ಆಕಾಶದ ಮೇಲ್ಪದರದಿಂದ ಪ್ರತಿಫಲಿಸಿ ಬಹುದೂರ ಸಾಗುವ ಆ ತರಂಗಗಳಿಗೆ ರಾಜ್ಯಗಳ ಎಲ್ಲೆ ಲೆಕ್ಕಕ್ಕಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಕನ್ನಡ ಗಡಿಯಾಚೆಯ ಮನೆಗಳಿಗೂ ಕೇಳಿಸುವುದು ಈ ಗುಣದಿಂದಲೇ.

ಆದರೆ ನಮ್ಮ ನಾಡಿನಲ್ಲಿ ಈ ಪದಕ್ಕೆ ತೂಕ ಬಂದುದು ಶಾಲೆಯಿಂದ. 1835ರಲ್ಲಿ ಮೆಕಾಲೆಯ ಟಿಪ್ಪಣಿಯನ್ನು ಒಪ್ಪಿ ಬೆಂಟಿಂಕನ ಸರಕಾರ ಉನ್ನತ ಶಿಕ್ಷಣದ ಹಣವನ್ನು ಇಂಗ್ಲಿಷಿನ ಕಡೆಗೆ ತಿರುಗಿಸಿತು. 1854ರ ಚಾರ್ಲ್ಸ್ ವುಡ್‌ನ ಆಜ್ಞಾಪತ್ರ ಮೇಲಿನ ತರಗತಿಗಳಿಗೆ ಇಂಗ್ಲಿಷ್, ಜನಸಾಮಾನ್ಯರಿಗೆ ದೇಶಭಾಷೆ ಎಂದು ಕೆಲಸವನ್ನು ಹಂಚಿತು. ಆ ಹಂಚಿಕೆಯ ನೆರಳು ಇಂದಿಗೂ ನಮ್ಮ ಮೇಲಿದೆ. ದೇಶಭಾಷೆ ಎಂದರೆ ಯಾವ ದೇಶಭಾಷೆ ಎಂಬ ಪ್ರಶ್ನೆಗೂ ಉತ್ತರ ಸುಲಭವಾಗಿರಲಿಲ್ಲ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮಕ್ಕಳು ಮರಾಠಿಯಲ್ಲಿ ಓದುತ್ತಿದ್ದ ಕಾಲವಿತ್ತು. ಅಲ್ಲಿ ಕನ್ನಡ ಶಾಲೆಗಳು ನೆಲೆಗೊಳ್ಳಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಶ್ರಮಿಸಬೇಕಾಯಿತು. ನಿಜಾಮರ ಆಳ್ವಿಕೆಯಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿ ಹೊಸ ದಾರಿ ತೋರಿತು. ಆ ಭಾಷೆ ಉರ್ದು. ಹೀಗಾಗಿ ಆ ಸೀಮೆಯ ಕನ್ನಡಿಗರಿಗೂ ತೆಲುಗರಿಗೂ ಮರಾಠಿಗರಿಗೂ ಅದು ಇನ್ನೊಬ್ಬರ ಮಾಧ್ಯಮವೇ ಆಗಿತ್ತು.

ಕ್ರಮೇಣ ಈ ಪದ ಭಾರತದಲ್ಲಿ ಮತ್ತೊಂದು ವಿಚಿತ್ರ ಅರ್ಥವನ್ನು ಪಡೆಯಿತು. ‘ಅವನು ಕನ್ನಡ ಮೀಡಿಯಂ, ಇವಳು ಇಂಗ್ಲಿಷ್ ಮೀಡಿಯಂ’ ಎಂದು ನಾವು ಸರಾಗವಾಗಿ ಹೇಳುತ್ತೇವೆ. ನಡುವಿನ ವಸ್ತುವಿಗೆ ಇದ್ದ ಹೆಸರು ಮನುಷ್ಯನಿಗೇ ಅಂಟಿತು. ಜಾತಿಯಂತೆ, ಅಂತಸ್ತಿನಂತೆ ಅದು ವ್ಯಕ್ತಿಯ ಗುರುತಾಯಿತು. ಮದುವೆಯ ಮಾತುಕತೆಯಲ್ಲಿ, ನೌಕರಿಯ ಸಂದರ್ಶನದಲ್ಲಿ ಅದು ಕೆಲವೊಮ್ಮೆ ಹೆಮ್ಮೆ, ಕೆಲವೊಮ್ಮೆ ಸಂಕೋಚ.

ಇಂಗ್ಲೆಂಡಿನ ನೆರೆಯಲ್ಲೇ ಇರುವ ವೇಲ್ಸ್ ದೇಶದಲ್ಲಿ ಈ ಪದದ ನಡೆ ಬೇರೆಯಾಯಿತು. ಇಂಗ್ಲಿಷಿನ ಒತ್ತಡದಲ್ಲಿ ಕುಗ್ಗುತ್ತಿದ್ದ ವೆಲ್ಷ್ ಭಾಷೆಯನ್ನು ಉಳಿಸಿಕೊಳ್ಳಲು 1939ರಲ್ಲಿ ಐಫನ್ ಆಬ್ ಓವೆನ್ ಎಡ್ವರ್ಡ್ಸ್ ಎಂಬವರು ಅಬರಿಸ್ಟ್‌ವಿತ್ ಪಟ್ಟಣದಲ್ಲಿ ವೆಲ್ಷ್ ಮೀಡಿಯಂನ ಮೊದಲ ಪ್ರಾಥಮಿಕ ಶಾಲೆಯನ್ನು ತೆರೆದರು. ಆರಂಭದಲ್ಲಿ ಅಲ್ಲಿದ್ದವರು ಏಳೇ ಮಕ್ಕಳು. ಇಂದು ಆ ನಾಡಿನಲ್ಲಿ ಸರಕಾರವೇ ಅಂಥ ಶಾಲೆಗಳನ್ನು ಎಲ್ಲೆಡೆ ನಡೆಸುತ್ತಿದೆ. ಮನೆಯಲ್ಲಿ ಇಂಗ್ಲಿಷಾಡುವ ಪೋಷಕರೂ ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತಾರೆ. ಅಲ್ಲಿ ‘ಮೀಡಿಯಂ’ ಎಂಬುದು ಹಿಂದುಳಿದವರ ಗುರುತಾಗದೆ ಮರಳಿ ಪಡೆದ ಸ್ವತ್ತಿನ ಹೆಸರಾಗಿದೆ.

ನಮ್ಮಲ್ಲಿ ಇದು ಹಕ್ಕಿನ ಮಾತಾದುದು ಸ್ವಾತಂತ್ರ್ಯಾನಂತರ. 1949ರ ಆಗಸ್ಟಿನಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಸೂತ್ರವನ್ನು ಅಂಗೀಕರಿಸಿತು: ಪ್ರಾಥಮಿಕ ಹಂತದಲ್ಲಿ ಒಂದು ಶಾಲೆಯಲ್ಲಿ ನಲವತ್ತು ಮಕ್ಕಳು, ಅಥವಾ ಒಂದು ತರಗತಿಯಲ್ಲಿ ಹತ್ತು ಮಕ್ಕಳು ಬೇರೆ ಮಾತೃಭಾಷೆಯವರಾಗಿದ್ದರೆ, ಅವರಿಗೆ ಆ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕನನ್ನಾದರೂ ಒದಗಿಸಬೇಕು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷದ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆ ದೊರೆಯುವಂತೆ ಪ್ರತಿಯೊಂದು ರಾಜ್ಯವೂ ಸಾಕಷ್ಟು ಅನುಕೂಲ ಕಲ್ಪಿಸಲು ಯತ್ನಿಸಬೇಕೆಂಬುದು ಅದರ ತಾತ್ಪರ್ಯ. ಗಡಿ ಗೆರೆಗಳು ಜನರನ್ನು ಕೇಳದೆ ಸರಿದಾಗ, ಅವರ ಕೈಗೆ ಉಳಿದ ಆಸರೆ ಇದೊಂದು ವಿಧಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಭಾಷೆಯನ್ನು ಕಲಿಸುವುದು ಬೇರೆ, ಭಾಷೆಯಲ್ಲಿ ಕಲಿಸುವುದು ಬೇರೆ. ಮೊದಲನೆಯದರಲ್ಲಿ ಕನ್ನಡ ಒಂದು ವಿಷಯ. ವಾರಕ್ಕೆ ಕೆಲವು ಪೀರಿಯಡ್ಡುಗಳಲ್ಲಿ ಮುಗಿಯುವಂಥದು. ಎರಡನೆಯದರಲ್ಲಿ ಕನ್ನಡ ಮಾಧ್ಯಮ. ಗಣಿತ, ಚರಿತ್ರೆ, ಗಿಡದ ಬೇರು, ಗ್ರಹಗಳ ಚಲನೆ ಎಲ್ಲವೂ ಅದರಲ್ಲಿ ಈಜಬೇಕು. ಮಾಧ್ಯಮವಾಗಿದ್ದ ಭಾಷೆ ವಿಷಯವಾಗಿ ಇಳಿದಾಗ ನೀರು ಮೀನಿನ ಸುತ್ತಲಿಂದ ಲೋಟಕ್ಕೆ ಬಂದಂತಾಗುತ್ತದೆ. 350ಎ ವಿಧಿ ಹೇಳುವುದು ಎರಡನೆಯದನ್ನು. ಇದನ್ನು ಮರೆತು ‘ಒಂದು ಭಾಷೆಯಾಗಿ ಕನ್ನಡ ಇದೆಯಲ್ಲ’ ಎಂದು ಸಮಾಧಾನಪಟ್ಟುಕೊಂಡರೆ ನಾವು ಕೊಡಬಾರದ್ದನ್ನು ಕೊಟ್ಟಂತೆ.

ಈಚಿನ ಎರಡು ದಶಕಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲವಾಗಿದೆ. 2006ರಲ್ಲಿ ತಮಿಳುನಾಡು ತಮಿಳನ್ನೂ, 2017ರಲ್ಲಿ ಕೇರಳ ಮಲಯಾಳವನ್ನೂ ಶಾಲೆಗಳಲ್ಲಿ ಕಡ್ಡಾಯ ವಿಷಯವನ್ನಾಗಿ ಮಾಡುವ ಶಾಸನಗಳನ್ನು ತಂದವು. ಬಾಳುವ ರಾಜ್ಯದ ಭಾಷೆಯನ್ನು ಕಲಿಯುವುದರಲ್ಲಿ ತಪ್ಪಿಲ್ಲ. ಗಡಿನಾಡಿನ ಕನ್ನಡಿಗ ಅದನ್ನು ಸಂತೆಯಲ್ಲೇ ಕಲಿತಿರುತ್ತಾನೆ. ಆದರೆ ಕಡ್ಡಾಯ ವಿಷಯದ ಭಾರ ಮಾತೃಭಾಷಾ ಮಾಧ್ಯಮದ ಜಾಗವನ್ನು ಒತ್ತಬಾರದೆಂಬುದು ನಮ್ಮವರ ಆತಂಕ. ಇತ್ತ ಕರ್ನಾಟಕದಲ್ಲಿಯೇ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ 1994ರ ಸರಕಾರಿ ಆದೇಶ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ನಿಲ್ಲಲಿಲ್ಲ. ಮಾಧ್ಯಮವನ್ನು ಆಯ್ದುಕೊಳ್ಳುವುದು ಮಗು ಮತ್ತು ಪೋಷಕರ ಹಕ್ಕು, ಅದನ್ನು ಹೇರಲು 350ಎ ವಿಧಿ ರಾಜ್ಯಕ್ಕೆ ಅಧಿಕಾರ ಕೊಡುವುದಿಲ್ಲ ಎಂದು 2014ರ ಮೇ 6ರಂದು ಪೀಠ ತೀರ್ಮಾನಿಸಿತು. ಅನೇಕ ಕನ್ನಡ ಮನಸ್ಸುಗಳಿಗೆ ಆ ತೀರ್ಪು ನೋವುಂಟುಮಾಡಿದ್ದು ನಿಜ. ಆದರೆ ಗಡಿಯಾಚೆಯಿಂದ ನೋಡಿದರೆ ಅದಕ್ಕೆ ಇನ್ನೊಂದು ಮುಖವಿದೆ. ಆಯ್ಕೆ ಪೋಷಕರದೆಂದಾದರೆ, ಕನ್ನಡವನ್ನು ಆಯ್ದ ಪೋಷಕರ ಮೇಲೆ ಬೇರೊಂದು ಮಾಧ್ಯಮವನ್ನು ಹೇರುವಂತೆಯೂ ಇಲ್ಲ.

ಹಾಗಾದರೆ ಕೊನೆಗೆ ಉಳಿಯುವುದು ಆ ಆಯ್ಕೆಯೇ. ನೀತಿಗಳ ಹಿಂದೆ ಸದಾ ಒಂದು ಎಣಿಕೆ ಇರುತ್ತದೆ. 1949ರ ಸೂತ್ರದ ಹತ್ತು ಮಕ್ಕಳು ಎಂಟಾದಾಗ ಶಿಕ್ಷಕನ ಹುದ್ದೆ ಅಲುಗಾಡುತ್ತದೆ. ಹುದ್ದೆ ಖಾಲಿ ಉಳಿದಾಗ, ಅಥವಾ ಕನ್ನಡ ಬಾರದವರು ಆ ತರಗತಿಗೆ ಬಂದು ನಿಂತಾಗ, ಉಳಿದ ಎಂಟು ಮಕ್ಕಳ ತಂದೆತಾಯಿಯರೂ ಬೇರೆ ಶಾಲೆಯ ಬಸ್ಸಿನತ್ತ ನೋಡುತ್ತಾರೆ. ಅವರನ್ನು ದೂಷಿಸುವುದು ಸುಲಭ, ನ್ಯಾಯವಲ್ಲ; ಮಕ್ಕಳ ಅನ್ನದ ದಾರಿಯನ್ನು ಕುರಿತ ಚಿಂತೆ ಅವರದು. ಆದುದರಿಂದ ಕನ್ನಡ ಸಂಘಗಳ ಕರ್ತವ್ಯ ಭಾಷಣದಲ್ಲಿ ಮುಗಿಯದು. ಯಾವ ಊರಿನಲ್ಲಿ ಎಷ್ಟು ಮಕ್ಕಳಿದ್ದಾರೆಂಬ ಪಟ್ಟಿ ಮೇ ತಿಂಗಳಿಗೆ ಮೊದಲೇ ಸಿದ್ಧವಾಗಬೇಕು. ಪ್ರವೇಶದ ಅರ್ಜಿಯಲ್ಲಿ ಮಾತೃಭಾಷೆಯ ಅಂಕಣ ಸರಿಯಾಗಿ ತುಂಬುವಂತೆ ನೋಡಿಕೊಳ್ಳಬೇಕು. ಕನ್ನಡ ಮಾಧ್ಯಮದ ತರಗತಿಯಲ್ಲಿ ಇಂಗ್ಲಿಷನ್ನೂ ರಾಜ್ಯಭಾಷೆಯನ್ನೂ ಚೆನ್ನಾಗಿ ಕಲಿಸುವ ವ್ಯವಸ್ಥೆಗಾಗಿ ಅಧಿಕಾರಿಗಳ ಬಾಗಿಲು ತಟ್ಟಬೇಕು.

ನಾಲ್ಕು ಶತಮಾನಗಳಲ್ಲಿ ಎಷ್ಟೋ ವೇಷ ತೊಟ್ಟರೂ ‘ಮೀಡಿಯಂ’ ತನ್ನ ಮೂಲಾರ್ಥವನ್ನು ಬಿಟ್ಟಿಲ್ಲ. ಅದು ನಡುವಿನದು. ಗಡಿನಾಡಿನ ಕನ್ನಡಿಗನೂ ಎರಡು ರಾಜ್ಯಗಳ, ಎರಡು ಭಾಷೆಗಳ ನಡುವೆ ನಿಂತು ಎರಡೂ ಕಡೆಯ ಮಾತನ್ನು ಪರಸ್ಪರ ಮುಟ್ಟಿಸುತ್ತಾ ಬಂದವನು. ಆ ಕೆಲಸ ನಡೆಯಬೇಕಾದರೆ ಅವನ ಮಗುವಿಗೆ ಮೊದಲ ತರಗತಿಯಲ್ಲಿ ಮಗ್ಗಿ ಕನ್ನಡದಲ್ಲಿ ಸಿಗಬೇಕು. ಉಳಿದ ಭಾಷೆಗಳು ಅನಂತರ ತಾವಾಗಿಯೇ ಬರುತ್ತವೆ.