ಶಿಶುವಿಹಾರಗಳಿಗೆ ಕಾಯಿದೆ ಬಂದ ಬಗೆ

ಶಿಶುವಿಹಾರವನ್ನು ತೆರೆಯಬೇಕೆಂಬ ಸಂಕಲ್ಪದಿಂದ ಮಠಕ್ಕೆ ಬರುವ ಸದ್ಭಕ್ತರು ಸಾಮಾನ್ಯವಾಗಿ ಮೂರು ಮಾತುಗಳನ್ನು ಹೇಳುವರು: ಜಾಗವಿದೆ, ಹಣವಿದೆ, ಮನಸ್ಸಿದೆ. ಈ ಮೂರೂ ಇದ್ದ ಮೇಲೆ ಸರಕಾರದ ಅಪ್ಪಣೆಯೇಕೆ, ತನಿಖೆಯೇಕೆ ಎಂದು ಬೇಸರಪಡುವದೂ ಉಂಟು. ಈ ಬೇಸರಿಕೆಗೆ ತರ್ಕದಿಂದ ಉತ್ತರ ಹೇಳುವದಕ್ಕಿಂತ ಇತಿಹಾಸದಿಂದ ಹೇಳುವದು ಲೇಸೆಂದು ತೋರಿದ್ದರಿಂದ, ಶಿಶುವಿಹಾರವು ಹುಟ್ಟಿದ ಜರ್ಮನಿ ದೇಶದಲ್ಲಿ ಅದಕ್ಕೂ ಕಾಯಿದೆಗೂ ನಡೆದ ವ್ಯವಹಾರವನ್ನು ಈ ಮಹೋತ್ಸವ ಸಂಪುಟದ ವಾಚಕರ ಮುಂದಿಡಲು ಯತ್ನಿಸಿರುತ್ತೇನೆ.

ನಮ್ಮ ಪೂರ್ವಿಕರಲ್ಲಿ ಐದು ವರುಷ ತುಂಬುವವರೆಗೆ ಮಗುವು ತಾಯಿಯ ಮಡಿಲಿನದು. ಆಮೇಲೆ ಅಕ್ಷರಾಭ್ಯಾಸ, ಐಗಳ ಮಠ, ಮರಳ ಮೇಲೆ ಬೆರಳಿನ ಬರಹ. ಅದಕ್ಕಿಂತ ಎಳೆಯ ಕೂಸನ್ನು ಮನೆಯಿಂದ ಹೊರಗಿಟ್ಟು ಸಲಹುವ ಪ್ರಸಂಗವೇ ವಿರಳ. ಯುರೋಪದಲ್ಲಿ ಗಿರಣಿಗಳು ಎದ್ದು, ತಾಯಂದಿರು ಕೂಲಿಗೆ ಹೋಗತೊಡಗಿದಾಗ ಈ ಪ್ರಸಂಗವು ಊರೂರಿಗೆ ಬಂದಿತು. ದಯಾವಂತರು ಅಲ್ಲಲ್ಲಿ ಮಕ್ಕಳನ್ನು ಕಾಯುವ ಮನೆಗಳನ್ನು ಸ್ಥಾಪಿಸಿದರು. ಧರ್ಮಬುದ್ಧಿಯಿಂದ ಸ್ಥಾಪಿಸಿದ ಈ ಮನೆಗಳನ್ನು ಕೇಳುವವರಾರು ಎಂಬ ಪ್ರಶ್ನೆಯೂ ಕೂಡಲೇ ಹುಟ್ಟಿತು. ಬವೇರಿಯಾ ಸಂಸ್ಥಾನವು 1839ರಲ್ಲಿಯೇ ಇಂಥ ಮನೆಗಳ ಸ್ಥಾಪನೆ ಹಾಗೂ ಮೇಲ್ವಿಚಾರಣೆಗಳ ಕುರಿತು ನಿಬಂಧನೆಗಳನ್ನು ಹೊರಡಿಸಿತು. ಇವನ್ನು ಶಾಲೆಗಳೆಂದು ಅದು ಎಣಿಸಲಿಲ್ಲ. ಸ್ಥಾಪಿಸುವವರು ಅಪ್ಪಣೆ ಪಡೆಯಬೇಕು, ಸರಕಾರದ ಕಣ್ಣು ಅವುಗಳ ಮೇಲಿರಬೇಕು, ಅಷ್ಟೆ.

ಮರುವರುಷವೇ, 1840ನೆಯ ಜೂನ್ 28ರಂದು, ಫ್ರೆಡರಿಕ್ ಫ್ರೋಬೆಲನು ಥುರಿಂಗಿಯಾ ಪ್ರಾಂತದ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ತನ್ನ ಸಂಸ್ಥೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟು ಅದನ್ನು ವಿಧಿಪೂರ್ವಕವಾಗಿ ಪ್ರತಿಷ್ಠಾಪಿಸಿದನು. ಜರ್ಮನ್ ಭಾಷೆಯಲ್ಲಿ ಈ ಶಬ್ದಕ್ಕೆ ಮಕ್ಕಳ ತೋಟವೆಂದರ್ಥ. ಫ್ರೋಬೆಲನು 1782ರಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದವನು; ವರುಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವನು; ಹರೆಯದಲ್ಲಿ ಅರಣ್ಯಾಧಿಕಾರಿಯ ಕೈಕೆಳಗೆ ಗಿಡಮರಗಳ ನಡುವೆ ಕೆಲಸ ಕಲಿತವನು; ಮುಂದೆ ಸ್ವಿಟ್ಸರ್ಲಂಡಿನಲ್ಲಿ ಪೆಸ್ಟಲಾಜಿಯ ಬಳಿ 1808ರಿಂದ 1810ರ ವರೆಗೆ ಇದ್ದು ಬೋಧನಕ್ರಮವನ್ನು ಅರಿತವನು. ತಾಯಿಯಿಲ್ಲದ ಬಾಲ್ಯ, ಮರಗಳ ಸಹವಾಸ ಇವೆರಡೂ ಕೂಡಿ ಆ ಹೆಸರು ಹುಟ್ಟಿತೆಂದು ನಾನು ಭಾವಿಸುತ್ತೇನೆ. ಮಗುವು ಸಸಿ, ಗುರುವು ತೋಟಿಗ. ಸಸಿಯನ್ನು ಜಗ್ಗಿ ಬೆಳೆಸಲಾಗದು. ಉಣ್ಣೆಯ ಚೆಂಡು, ಕಟ್ಟಿಗೆಯ ಗೋಲ, ಉರುಳೆ, ಘನ ಇವೇ ಮೊದಲಾದ ಸಾಧನಗಳಿಗೆ ಅವನು ಕಾಣಿಕೆಗಳೆಂದು ಹೆಸರಿಟ್ಟು, ಆಟದಿಂದಲೇ ಅರಿವು ಮೂಡುವಂತೆ ಯೋಜಿಸಿದನು. ಹಣಕ್ಕಾಗಿ ಪಾಲುಗಾರಿಕೆಯ ಮಂಡಲಿಯನ್ನು ಮಾಡಿ, ತಲಾ 10 ಥಾಲರುಗಳ ಪಾಲನ್ನು ಕೊಳ್ಳಿರೆಂದು ಜರ್ಮನಿಯ ಸ್ತ್ರೀಯರನ್ನು ಪ್ರಾರ್ಥಿಸಿದನು. ಪಾಲು ಕೊಂಡವರು ಕೆಲವರೇ. ಸಂಸ್ಥೆಯನ್ನು ಕಟ್ಟಿದ ಯಾವ ಮಠಾಧಿಪತಿಗೂ ಈ ಪ್ರಕರಣವು ಅಪರಿಚಿತವಲ್ಲ.

ಅವನ ಮೇಲೆ ನಿಜವಾದ ಸಿಡಿಲೆರಗಿದ್ದು 1851ರ ಆಗಸ್ಟ್ 7ರಂದು. ಪ್ರಷ್ಯಾ ರಾಜ್ಯದ ಶಿಕ್ಷಣ ಹಾಗೂ ಧರ್ಮಖಾತೆಯ ಮಂತ್ರಿ ಕಾರ್ಲ್ ಓಟೋ ಫೋನ್ ರೌಮರನು ತನ್ನ ರಾಜ್ಯದಲ್ಲಿ ಫ್ರೋಬೆಲನ ಪದ್ಧತಿಯ ಶಿಶುವಿಹಾರಗಳನ್ನೆಲ್ಲ ನಿಷೇಧಿಸಿದನು. ಅವು ಸಮಾಜವಾದದ ಅಂಗಗಳು, ಮಕ್ಕಳನ್ನು ನಾಸ್ತಿಕತೆಗೆ ಒಯ್ಯುವಂಥವು ಎಂಬದು ಆರೋಪ. ಅದಕ್ಕೆ ಆಧಾರವೇನು? ಹುಡುಗಿಯರ ಉನ್ನತ ಶಾಲೆಗಳನ್ನೂ ಶಿಶುವಿಹಾರಗಳನ್ನೂ ಕುರಿತ ಒಂದು ಸಣ್ಣ ಹೊತ್ತಗೆ. ಅದನ್ನು ಬರೆದವನು ಫ್ರೆಡರಿಕನಲ್ಲ. ಅವನ ಅಣ್ಣನ ಮಗ ಕಾರ್ಲ್ ಫ್ರೋಬೆಲನು. ಇನ್ನೊಬ್ಬ ಅಣ್ಣನ ಮಗ ಜೂಲಿಯಸನಂತೂ 1848ರ ಕ್ರಾಂತಿಯಲ್ಲಿ ವಿಯೆನ್ನಾದಲ್ಲಿ ಸೆರೆಸಿಕ್ಕು, ಮರಣದಂಡನೆಗೆ ಗುರಿಯಾಗಿ, ಕ್ಷಮೆ ಪಡೆದು ಉಳಿದವನು. ಹೀಗಾಗಿ ಫ್ರೋಬೆಲ್ ಎಂಬ ಹೆಸರೇ ಅಧಿಕಾರಿಗಳಿಗೆ ಬೇವಾಗಿತ್ತು. ಮುದುಕನು ತನ್ನ ಪುಸ್ತಕಗಳನ್ನು ಮುಂದಿಟ್ಟು, ಹೊತ್ತಗೆಯ ಕರ್ತೃವು ತಾನಲ್ಲವೆಂದು ಅರಿಕೆ ಮಾಡಿಕೊಂಡನು, ಅರಸನಿಗೂ ಬಿನ್ನವಿಸಿದನು. ತಪ್ಪು ಗೊತ್ತಾದ ಮೇಲೂ ಆಜ್ಞೆಯು ಹಿಂದೆ ಸರಿಯಲಿಲ್ಲ. ಮನುಷ್ಯನು ತಪ್ಪನ್ನು ಒಪ್ಪುವದು ಕಷ್ಟ. ಮುದ್ರೆಯೊತ್ತಿದ ಕಾಗದವು ಒಪ್ಪುವದು ಇನ್ನೂ ಕಷ್ಟ. ಮರುವರುಷ 1852ರ ಜೂನ್ 21ರಂದು ಫ್ರೋಬೆಲನು ಮಾರಿಯನ್‌ತಾಲದಲ್ಲಿ ತೀರಿಕೊಂಡನು. ಆ ಊರು ಪ್ರಷ್ಯಾಕ್ಕೆ ಸೇರದೆ ಬೇರೊಂದು ಸಣ್ಣ ಸಂಸ್ಥಾನದಲ್ಲಿದ್ದುದರಿಂದ ಅವನ ಕೆಲಸವು ಕೊನೆಯ ಉಸಿರಿನವರೆಗೂ ನಡೆದಿತ್ತು.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. 1839ರ ಬವೇರಿಯಾದ ನಿಬಂಧನೆಯೂ ಕಾಯಿದೆಯೇ, 1851ರ ಪ್ರಷ್ಯಾದ ನಿಷೇಧವೂ ಕಾಯಿದೆಯೇ. ಮೊದಲನೆಯದು ಮನೆಯನ್ನು ನೋಡಬೇಕೆಂದಿತು. ಎರಡನೆಯದು ಮನೆಯೊಳಕ್ಕೆ ಕಾಲಿಡಲೇ ಇಲ್ಲ. ಕಟ್ಟಿದವನ ಕುಲವನ್ನೂ ಮತವನ್ನೂ ವಿಚಾರಿಸಿ ತೀರ್ಪನ್ನಿತ್ತಿತು. ಅಲ್ಲಿನ ಕೂಸುಗಳು ಹಸಿದಿವೆಯೋ, ನಗುತ್ತಿವೆಯೋ ಎಂಬ ಪ್ರಶ್ನೆಗೆ ಅದರಲ್ಲಿ ಎಡೆಯೇ ಇರಲಿಲ್ಲ.

ನಿಷೇಧವನ್ನು ತೊಡೆಯಿಸಲು ಹೆಚ್ಚು ಶ್ರಮಿಸಿದವಳು ಬರ್ತಾ ಫೋನ್ ಮಾರೆನ್‌ಹೋಲ್ಟ್ಸ್-ಬ್ಯೂಲೋ ಎಂಬ ಕುಲೀನ ಸ್ತ್ರೀ. ಊರ ಹುಡುಗರೊಡನೆ ಕುಣಿಯುತ್ತಿದ್ದ ಫ್ರೋಬೆಲನನ್ನು ಜನರು ಮರುಳ ಮುದುಕನೆಂದು ಹಾಸ್ಯಮಾಡುತ್ತಿದ್ದಾಗ, 1849ರಲ್ಲಿ, ಅವನಲ್ಲಿದ್ದ ಗುರುವನ್ನು ಗುರುತಿಸಿದವಳು ಅವಳು. ರೌಮರನು 1858ರಲ್ಲಿ ಅಧಿಕಾರದಿಂದ ಇಳಿದನು. 1860ರಲ್ಲಿ ನಿಷೇಧವು ರದ್ದಾಯಿತು. ಅಷ್ಟರೊಳಗೆ ಬೀಜವು ಗಾಳಿಗೆ ಹಾರಿ ದೂರ ಬಿದ್ದಿತ್ತು. ಅಮೇರಿಕೆಯ ವಾಟರ್‌ಟೌನಿನಲ್ಲಿ 1856ರಲ್ಲಿ ಒಬ್ಬ ಜರ್ಮನ್ ಗೃಹಿಣಿಯು ಶಿಶುವಿಹಾರವನ್ನು ತೆರೆದಳು. ಸೇಂಟ್ ಲೂಯಿ ನಗರದಲ್ಲಿ 1873ರಲ್ಲಿ ಅದು ಸಾರ್ವಜನಿಕ ಶಾಲೆಯ ಅಂಗವಾಯಿತು. 1876ರಲ್ಲಿ ಟೋಕಿಯೋ ನಗರವನ್ನೂ ಮುಟ್ಟಿತು.

ಜರ್ಮನಿಯಲ್ಲಿ ಮುಂದಿನ ದೊಡ್ಡ ಚರ್ಚೆಯು 1920ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ಶಿಕ್ಷಣ ಪರಿಷತ್ತಿನಲ್ಲಿ ನಡೆಯಿತು. ಶಿಶುವಿಹಾರವು ಶಾಲೆಯ ಮೊದಲ ಮೆಟ್ಟಿಲೋ, ಮನೆಯ ಮುಂದುವರಿದ ಜಗುಲಿಯೋ? ಜಗುಲಿಯೆಂಬ ಪಕ್ಷವೇ ಗೆದ್ದಿತು. ಅದರಂತೆ 1922ರಲ್ಲಿ ಹುಟ್ಟಿ 1924ರಲ್ಲಿ ಜಾರಿಗೆ ಬಂದ ಬಾಲಕಲ್ಯಾಣದ ಕಾಯಿದೆಯು ಶಿಶುವಿಹಾರವನ್ನು ಶಿಕ್ಷಣಖಾತೆಗೆ ಒಪ್ಪಿಸದೆ ಮಕ್ಕಳ ಯೋಗಕ್ಷೇಮದ ಖಾತೆಯಲ್ಲಿಟ್ಟಿತು. ಧರ್ಮಸಂಸ್ಥೆಗಳೂ ದಾನಸಂಸ್ಥೆಗಳೂ ಅದನ್ನು ನಡೆಯಿಸುವ ಪರಿಪಾಠಕ್ಕೆ ಮಾನ್ಯತೆಯನ್ನಿತ್ತಿತು. ಹಿಟ್ಲರನ ಆಳಿಕೆಯಲ್ಲಿ ಪಕ್ಷದ ಸಂಘಟನೆಯು ಚರ್ಚುಗಳ ಶಿಶುವಿಹಾರಗಳನ್ನು ನುಂಗಹೊರಟಿತು. ಬಳಿಕ ದೇಶವೇ ಎರಡಾಯಿತು. ಪೂರ್ವಭಾಗದಲ್ಲಿ ಶಿಶುವಿಹಾರವು ರಾಜ್ಯದ ಶಿಕ್ಷಣಕ್ರಮದಲ್ಲಿ ಬೆರೆಯಿತು. ಪಶ್ಚಿಮದಲ್ಲಿ ಹಳೆಯ ಪರಿಪಾಠವು ನಿಂತಿತು. ಧರ್ಮಸಂಸ್ಥೆಗಳಿಗೆ ಈ ಕಾರ್ಯದಲ್ಲಿ ಆದ್ಯತೆ ಕೊಡುವದು ರಾಜ್ಯಘಟನೆಗೆ ವಿರುದ್ಧವೇ ಎಂಬ ವಾದವು ಅಲ್ಲಿಯ ಉಚ್ಚ ಘಟನಾ ನ್ಯಾಯಾಲಯಕ್ಕೆ ಹೋದಾಗ, 1967ರಲ್ಲಿ, ವಿರುದ್ಧವಲ್ಲವೆಂದು ತೀರ್ಪಾಯಿತು. ಇಂದಿಗೂ ಆ ದೇಶದ ಅನೇಕ ಶಿಶುವಿಹಾರಗಳನ್ನು ಚರ್ಚುಗಳು ನಡೆಯಿಸುತ್ತಿವೆ.

ಆದರೆ ಆದ್ಯತೆಯೆಂದರೆ ಸ್ವೇಚ್ಛೆಯಲ್ಲ. ಇಬ್ಭಾಗವಾದ ದೇಶವು 1990ರಲ್ಲಿ ಒಂದುಗೂಡುವ ಹೊತ್ತಿಗೆ ರಚಿತವಾದ ಬಾಲ ಮತ್ತು ಯುವಜನ ಸಹಾಯದ ಕಾಯಿದೆಯೇ ಈಗಲೂ, ಕಾಲಕಾಲದ ತಿದ್ದುಪಡಿಗಳೊಂದಿಗೆ, ಅಲ್ಲಿ ನಡೆಯುತ್ತಿರುವದು. ಅದರ 45ನೆಯ ಪ್ರಕರಣದ ಪ್ರಕಾರ ಅನುಜ್ಞಾಪತ್ರವನ್ನು ಪಡೆಯದೆ ಯಾರೂ, ಚರ್ಚೇ ಆಗಲಿ ಸಾಹುಕಾರನೇ ಆಗಲಿ, ಶಿಶುವಿಹಾರದ ಬಾಗಿಲನ್ನು ತೆರೆಯುವಂತಿಲ್ಲ. ನಡೆಯಿಸುವವರು ವಿಶ್ವಾಸಾರ್ಹರೆಂದು ಕಂಡುಬರಬೇಕು. ಕಟ್ಟಡ, ಹಣದ ಅನುಕೂಲ, ಕೆಲಸಗಾರರ ಅರ್ಹತೆ ಇವು ಮಕ್ಕಳ ಹಿತಕ್ಕೆ ಸಾಲುವಂತಿರಬೇಕು. ಮಕ್ಕಳನ್ನು ಹೇಗೆ ಸಲಹುವೆವು, ಹಿಂಸೆಯಿಂದ ಹೇಗೆ ಕಾಪಾಡುವೆವು ಎಂಬದನ್ನು ಬರೆದು ಒಪ್ಪಿಸಬೇಕು. ಕೆಲಸಕ್ಕೆ ಸೇರುವವರ ಹಿಂದಿನ ಅಪರಾಧಗಳೇನಾದರೂ ಇದ್ದರೆ ತಿಳಿಯುವಂತೆ ದಾಖಲೆಯನ್ನು ತರಿಸಿ ನೋಡಬೇಕು. ಮಗುವು ತನ್ನ ದೂರನ್ನು ಹೇಳಿಕೊಳ್ಳಲು ದಾರಿಯಿರಬೇಕು. ಮೂರು ವರುಷದ ಕೂಸಿಗೆ ದೂರಿನ ಹಕ್ಕೇ ಎಂದು ನಗುವವರು, ಆ ಕೂಸು ಸಂಜೆ ಮನೆಗೆ ಬಂದು ಮಾತಾಡದೆ ಕುಳಿತುದನ್ನು ಕಂಡಿಲ್ಲ. ಮಕ್ಕಳಿಗೆ ಕೇಡಾಗುವಂಥ ಘಟನೆ ನಡೆದರೆ ಸಂಸ್ಥೆಯವರೇ ಮುಂದಾಗಿ ಅಧಿಕಾರಿಗಳಿಗೆ ತಿಳಿಸಬೇಕು. ಮಕ್ಕಳ ಕ್ಷೇಮಕ್ಕೆ ಧಕ್ಕೆಯೊದಗಿ, ನಡೆಯಿಸುವವರು ಅದನ್ನು ನಿವಾರಿಸದಿದ್ದರೆ, ಅನುಜ್ಞೆಯನ್ನು ಹಿಂತೆಗೆದುಕೊಳ್ಳಲಾಗುವದು. ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳೆಂಬ ವಿವರಗಳು ಆಯಾ ಪ್ರಾಂತದ ಕಾಯಿದೆಗೆ ಬಿಟ್ಟಿವೆ.

ಇದರೊಡನೆ ಇನ್ನೊಂದು ಹೆಜ್ಜೆಯೂ ಬಿದ್ದಿತು. ಮೂರು ವರುಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಸ್ಥಾನವು ಹಕ್ಕೆಂದು 1996ರಿಂದಲೂ, ಒಂದು ವರುಷ ತುಂಬಿದ ಮಗುವಿಗೆ 2013ರ ಆಗಸ್ಟ್ 1ರಿಂದಲೂ ನಿಯಮವಾಯಿತು. ಲೈಪ್‌ಜಿಗ್ ನಗರದ ಮೂವರು ತಾಯಂದಿರು, ಮಕ್ಕಳಿಗೆ ಸ್ಥಾನ ಸಿಗದೆ ತಮ್ಮ ದುಡಿಮೆಗೆ ನಷ್ಟವಾಯಿತೆಂದು ನಗರಸಭೆಯ ಮೇಲೆ ವ್ಯಾಜ್ಯ ಹೂಡಿದರು. ನಗರಸಭೆಯ ದೋಷದಿಂದ ಸ್ಥಾನವು ತಪ್ಪಿದ್ದರೆ ಇಂಥ ನಷ್ಟವನ್ನು ಅದು ತುಂಬಿಕೊಡಬೇಕಾಗುವದೆಂದು 2016ರಲ್ಲಿ ಅಲ್ಲಿಯ ಅತ್ಯುಚ್ಚ ದಿವಾಣಿ ನ್ಯಾಯಾಲಯವು ಹೇಳಿತು. ಒಂದು ಕಾಲಕ್ಕೆ ಶಿಶುವಿಹಾರವಿದ್ದುದಕ್ಕೆ ದಂಡ, ಈಗ ಇಲ್ಲದುದಕ್ಕೆ!

ನಮ್ಮ ನಾಡಿನಲ್ಲಿ 1920ರ ಆ ಬರ್ಲಿನ್ ಪ್ರಶ್ನೆಯು ಇನ್ನೂ ಎರಡು ಖಾತೆಗಳ ನಡುವೆ ಕುಳಿತಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ ನಮ್ಮ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿತ್ತು. ಅಲ್ಲಿಂದ ಬೆಳೆದ ಅಂಗನವಾಡಿಗಳು ಮಹಿಳಾ ಮತ್ತು ಮಕ್ಕಳ ಖಾತೆಯವು. ಎಲ್‌ಕೆಜಿ, ಯುಕೆಜಿ ಎಂದು ಕರೆಯಿಸಿಕೊಳ್ಳುವ ಖಾಸಗೀ ತರಗತಿಗಳಾದರೋ, 1983ರ ಹೆಸರನ್ನು ಹೊತ್ತು 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆಯ ನೋಂದಣಿಗಾಗಿ ಶಿಕ್ಷಣ ಇಲಾಖೆಯ ಬಾಗಿಲಿಗೆ ಹೋಗತಕ್ಕವು. ಆರು ವರುಷದೊಳಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ ರಾಜ್ಯವು ಯತ್ನಿಸತಕ್ಕದ್ದೆಂದು ಸಂವಿಧಾನದ 45ನೆಯ ಅನುಚ್ಛೇದವು 2002ರ ತಿದ್ದುಪಡಿಯಿಂದ ಹೇಳುತ್ತಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರುಷದವರಿಗೆ ಶಿಕ್ಷಣವನ್ನು ಹಕ್ಕಾಗಿ ಕೊಟ್ಟು, ಅದಕ್ಕೂ ಎಳೆಯರಾದ, ಮೂರು ದಾಟಿದ ಮಕ್ಕಳ ವಿಷಯಕ್ಕೆ ಬಂದಾಗ, 11ನೆಯ ಪ್ರಕರಣದಲ್ಲಿ, ಸರಕಾರವು ಅವಶ್ಯಕ ಏರ್ಪಾಡನ್ನು ಮಾಡಬಹುದು ಎಂದಷ್ಟೇ ನುಡಿಯುವದು. ಶಿಶುವಿಹಾರದ ಅರ್ಜಿಯನ್ನು ಹಿಡಿದು ಬರುವ ಸದ್ಭಕ್ತರಿಗೆ ನಾನು ಆ ಪ್ರಕರಣವನ್ನು ಓದಿ ತೋರಿಸುತ್ತೇನೆ. ಬಳಿಕ, ಅವರು ಕೊಡಲು ಬಂದ ಜಾಗದಲ್ಲಿ ಬಾವಿಯಿದೆಯೇ, ಅದಕ್ಕೆ ಕಟ್ಟೆಯಿದೆಯೇ ಎಂದು ಕೇಳುತ್ತೇನೆ.