ಹೆಬ್ಬೆಟ್ಟು ಹೋಗಿ ಬರುವ ದಾರಿ

ದೇವದುರ್ಗದ ಕಡೆಯ ಹಳ್ಳಿಯೊಂದರ ನ್ಯಾಯಬೆಲೆ ಅಂಗಡಿಯ ಮುಂದೆ ಪಡಿತರ ಕೊಡುವ ದಿನ ನಿಂತರೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: 'ಸರ್ವರ್ ಇಲ್ಲ.' ಕೂಲಿ ಬಿಟ್ಟು ಬಂದ ಹೆಣ್ಣುಮಗಳು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ, ಸೆರಗಿನಲ್ಲಿ ಒರೆಸಿ ಮತ್ತೆ ಒತ್ತುತ್ತಾಳೆ. ಅಕ್ಕಿ ಕಣ್ಣೆದುರಿಗೇ ಇದೆ, ಅಂಗಡಿಯವನಿಗೆ ಅವಳ ಪರಿಚಯವೂ ಇದೆ. ಆದರೆ ಯಂತ್ರ ಹೂಂ ಅನ್ನಬೇಕು. ಅದು ಹೂಂ ಅನ್ನುವಷ್ಟರಲ್ಲಿ ಅರ್ಧ ದಿನದ ಕೂಲಿ ಹೋಗಿರುತ್ತದೆ.

ಅಷ್ಟು ಹೊತ್ತು ಆ ಹೆಬ್ಬೆಟ್ಟು ಎಲ್ಲಿಗೆ ಹೋಗಿರುತ್ತದೆ? ಅಂಗಡಿಯಿಂದ ಮೊಬೈಲ್ ಟವರಿಗೆ, ಅಲ್ಲಿಂದ ಆಹಾರ ಇಲಾಖೆಯ ಗಣಕಕ್ಕೆ, ಆಮೇಲೆ ಅಧಿಕೃತ ಸಂಸ್ಥೆಯೊಂದರ ಮೂಲಕ ಆಧಾರ್‌ನ ಕೇಂದ್ರ ಭಂಡಾರಕ್ಕೆ. ಆ ಭಂಡಾರ ಇರುವುದು ಬೆಂಗಳೂರಿನಲ್ಲಿ ಮತ್ತು ಹರಿಯಾಣದ ಮಾನೇಸರದಲ್ಲಿ. ಉತ್ತರ ಅದೇ ದಾರಿಯಲ್ಲಿ ಹಿಂದಿರುಗಬೇಕು. ದೂರವೇ ತಡಕ್ಕೆ ಕಾರಣ ಎಂದು ಯಾರಿಗಾದರೂ ಅನಿಸಬಹುದು. ಹಾಗಲ್ಲ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 2,000 ಕಿ.ಮೀ. ತಂತಿಯನ್ನು ದಾಟಲು ಸೆಕೆಂಡಿನ ನೂರನೇ ಒಂದು ಪಾಲು ಸಾಕು. ತಡವಾಗುವುದು ಮುಖ್ಯವಾಗಿ ಎರಡು ಕಡೆ: ಹಳ್ಳಿಯ ಅಂಗಡಿಗೂ ಟವರಿಗೂ ನಡುವಿನ ಬಡಕಲು ನಿಸ್ತಂತು ಕೊಂಡಿಯಲ್ಲಿ, ಮತ್ತು 'ನೀನು ಯಾರು?' ಎಂದು ನಿಲ್ಲಿಸಿ ಕೇಳುವ ಒಂದೊಂದು ಬಾಗಿಲಲ್ಲಿ.

ಬಾಗಿಲಿಗೊಂದು ತನಿಖೆಯ ಈ ಅನುಭವ ರಾಯಚೂರಿಗೆ ಹೊಸದಲ್ಲ. 1853ರಲ್ಲಿ ಬ್ರಿಟಿಷರ ಕೈಗೆ ಹೋಗಿದ್ದ ಈ ದೋಆಬ್ ಪ್ರದೇಶ 1860ರಲ್ಲಿ ನಿಜಾಮರಿಗೆ ಮರಳಿತು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿ, ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆ ಎರಡೂ ಕೂಡಿದ್ದು ರಾಯಚೂರಿನಲ್ಲೇ. ಕಂಪನಿಗಳು ಬೇರೆ ಬೇರೆಯಾದರೂ ಹಳಿಗಳ ಅಗಲ ಒಂದೇ, ಐದೂವರೆ ಅಡಿ. ಅಳತೆಯ ಕಾರಣಕ್ಕೆ ಇಲ್ಲಿ ಸರಕು ಇಳಿಸಿ ಬೇರೆ ಗಾಡಿಗೆ ತುಂಬಬೇಕಾಗಿರಲಿಲ್ಲ.

ಕಾಗದಗಳಿಗೆ ಆ ಭಾಗ್ಯ ಇರಲಿಲ್ಲ. ನಿಜಾಮರ ಸರ್ಕಾರ 1869ರಲ್ಲಿ ತನ್ನದೇ ಅಂಚೆಚೀಟಿ ತಂದಿತ್ತು. ಅದು ಸಂಸ್ಥಾನದ ಒಳಗೆ ಮಾತ್ರ ನಡೆಯುತ್ತಿತ್ತು. ಮಾನ್ವಿಯಿಂದ ಹೈದರಾಬಾದಿಗೆ ಕಾಗದ ಬರೆಯುವವನಿಗೆ ಆ ಚೀಟಿ ಸಾಕು. ತುಂಗಭದ್ರೆಯ ಆಚೆ, ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿದ್ದ ಆದೋನಿಗೆ ಬರೆಯಬೇಕಾದರೆ ಅದಕ್ಕೆ ಬೆಲೆಯಿಲ್ಲ, ಬ್ರಿಟಿಷ್ ಅಂಚೆಯ ಚೀಟಿ ಬೇಕು. ಕಾಗದ ಹೊರುವ ರೈಲು ಒಂದೇ, ಕಾಸು ಕೊಟ್ಟಿದ್ದಕ್ಕೆ ಸಾಕ್ಷಿ ಮಾತ್ರ ಎರಡು. ಎರಡೂ ಅಂಚೆಗಳು ಒಂದಾದದ್ದು 1950ರ ಏಪ್ರಿಲ್ 1ರಂದು.

ಇನ್ನೂ ಹಳೆಯ ಉದಾಹರಣೆ ಬೇಕಿದ್ದರೆ ಇದೇ ಜಿಲ್ಲೆಯ ಮಸ್ಕಿಗೆ ಹೋಗಬೇಕು. ಅಶೋಕನ ಆಜ್ಞೆ ಪಾಟಲಿಪುತ್ರದಿಂದ ಕಾಲ್ನಡಿಗೆಯಲ್ಲಿ ದಕ್ಷಿಣಕ್ಕೆ ಬರಬೇಕಿದ್ದ ಕಾಲ ಅದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಓದಿದರೆ, ಇಸಿಲದ ಮಹಾಮಾತ್ರರಿಗೆ ಆಜ್ಞೆ ಕಳಿಸಿದವರು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಅವನ ಮಹಾಮಾತ್ರರು ಎಂದು ತಿಳಿಯುತ್ತದೆ. ಅಂದರೆ ರಾಜಧಾನಿಯ ಪರವಾಗಿ ಮಾತಾಡುವ ಅಧಿಕಾರ ಹತ್ತಿರದಲ್ಲೇ ಇತ್ತು. ಆ ಸುವರ್ಣಗಿರಿ ನಮ್ಮ ಚಿನ್ನದ ಸೀಮೆಯಲ್ಲೇ, ಮಸ್ಕಿ ಅಥವಾ ಕನಕಗಿರಿಯ ಬಳಿ ಇದ್ದಿರಬೇಕೆಂದು ವಿದ್ವಾಂಸರ ಊಹೆ.

ಮಸ್ಕಿಯ ಬಂಡೆಯ ಹೆಚ್ಚುಗಾರಿಕೆ ಬೇರೆಯೇ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಅವನೇ ಅಶೋಕ ಎನ್ನಲು ಸಿಂಹಳದ ಇತಿಹಾಸ ಗ್ರಂಥಗಳ ಆಧಾರ ಬೇಕಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಒಂದು ಬಂಡೆಯ ಮೇಲೆ ಸಿಕ್ಕ ಗುರುತಿನ ಖಾತರಿ ಮಿಕ್ಕ ಬಂಡೆಗಳಿಗೂ ಸಾಕಾಯಿತು. ಹೋಲಿಕೆಯನ್ನು ತೀರ ಎಳೆಯಬಾರದು, ಆದರೆ ಇಂದಿನ ಎಂಜಿನಿಯರುಗಳು ತಡ ತಗ್ಗಿಸಲು ಹೂಡಿರುವ ಎರಡು ಉಪಾಯಗಳ ಮೂಲ ತತ್ವ ಇವೇ.

ಮೊದಲನೆಯದು ಎಡ್ಜ್ ಕಂಪ್ಯೂಟಿಂಗ್, ಅಂದರೆ ಕೆಲಸವನ್ನು ದೂರದ ಕೇಂದ್ರಕ್ಕೆ ಕಳಿಸದೆ ಬಳಕೆದಾರನ ಹತ್ತಿರದ ಗಣಕದಲ್ಲೇ ಮುಗಿಸುವುದು. ಮದರಾಸಿನ ಐಐಟಿಯಲ್ಲಿ ಓದಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸೇರಿದ ಮಹಾದೇವ್ ಸತ್ಯನಾರಾಯಣನ್ ಮತ್ತು ಸಂಗಡಿಗರು 2009ರಲ್ಲಿ ಇಂಥ ಪುಟ್ಟ ಗಣಕಕ್ಕೆ 'ಕ್ಲೌಡ್‌ಲೆಟ್' ಎಂದು ಹೆಸರಿಟ್ಟರು. ಎರಡನೆಯದು ಗುರುತಿನ ಹಂಚಿಕೆ: ಒಂದು ಬಾಗಿಲು ತನಿಖೆ ಮಾಡಿದ್ದನ್ನು ಮುಂದಿನ ಬಾಗಿಲು ನಂಬುವುದು. ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಮಾತಾಡುತ್ತ ಹೋಗುವವನ ಫೋನು ಟವರಿನಿಂದ ಟವರಿಗೆ ದಾಟುತ್ತಿರುತ್ತದೆ. ಹಳೆಯ ಟವರು ಅವನ ಗುರುತಿನ ವಿವರವನ್ನು ಹೊಸ ಟವರಿಗೆ ಮುಟ್ಟಿಸುವುದರಿಂದ ತನಿಖೆ ಮೊದಲಿನಿಂದ ನಡೆಯುವುದಿಲ್ಲ, ಮಾತು ಕಡಿಯುವುದಿಲ್ಲ. ವೈಫೈಗೆ ಇಂಥದೇ ನಿಯಮ 2008ರಲ್ಲಿ ಬಂತು.

ಪಡಿತರದಲ್ಲಿ ಎರಡನೆಯ ಉಪಾಯ ಅರ್ಧ ಕೈಗೂಡಿದೆ. 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಗೆ 2020ರ ಜನವರಿಯಲ್ಲಿ ಸೇರಿದ ಮೊದಲ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗುಳೆ ಹೋಗುವುದು ದೇವದುರ್ಗ, ಮಾನ್ವಿ ಸೀಮೆಗೆ ಹೊಸತೇನಲ್ಲ. ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ ಕುಟುಂಬ ಊರಿನ ಚೀಟಿಯ ಮೇಲೆ ಅಲ್ಲೇ ಅಕ್ಕಿ ಪಡೆಯಬಹುದು. ನಿಜಾಮರ ಅಂಚೆಚೀಟಿಗೆ ಇಲ್ಲದಿದ್ದ ಮಾನ್ಯತೆ ಇದು.

ಮೊದಲನೆಯ ಉಪಾಯವೇ ಕಷ್ಟದ್ದು. ಸಿನಿಮಾದ ಪ್ರತಿಯನ್ನು ಹತ್ತಿರದ ಊರಿನ ಗಣಕದಲ್ಲಿ ಇಡಬಹುದು, ಬೆರಳಚ್ಚಿನ ಪ್ರತಿಯನ್ನು ತಾಲ್ಲೂಕಿಗೊಂದು ಇಟ್ಟರೆ ಕಳ್ಳರಿಗೆ ನೂರು ಬಾಗಿಲು ತೆರೆದಂತೆ. ಕೇಂದ್ರದ ತನಿಖೆ ಬಂದದ್ದೇ ಸುಳ್ಳು ಚೀಟಿಗಳ ಹಾವಳಿ ತಡೆಯಲು ಎಂಬುದನ್ನೂ ಮರೆಯುವಂತಿಲ್ಲ. ನಡುವಿನ ದಾರಿಯೊಂದಿದೆ. ಆಧಾರ್ ಕಾಗದದ ಮೇಲಿನ ಕ್ಯೂಆರ್ ಚೌಕದಲ್ಲಿ ಹೆಸರು, ಭಾವಚಿತ್ರದ ಜೊತೆಗೆ ಪ್ರಾಧಿಕಾರದ ಡಿಜಿಟಲ್ ಸಹಿಯೂ ಇರುತ್ತದೆ. ಆ ಸಹಿ ಅಸಲಿಯೇ ಎಂದು ನೋಡಲು ಟವರೂ ಬೇಡ, ಮಾನೇಸರವೂ ಬೇಡ, ಅಂಗಡಿಯಲ್ಲಿರುವ ಫೋನು ಸಾಕು. ಕಾಗದ ಹಿಡಿದು ನಿಂತಿರುವವಳು ಭಾವಚಿತ್ರದಲ್ಲಿ ಇರುವವಳೇ ಎಂದು ಹೇಳುವ ಕೆಲಸ ಮಾತ್ರ ಆಗ ಮತ್ತೆ ಅಂಗಡಿಯವನ ಕಣ್ಣಿಗೆ ಬೀಳುತ್ತದೆ. ಅವನನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಗೆ ಉತ್ತರ ಎಂಜಿನಿಯರುಗಳ ಬಳಿ ಇಲ್ಲ.